ಆನೆಯ ಮುಖ ಕಾಣುವ ಸೀಟು

ಕಲ್ಲೂರಿನ ಸುತ್ತಮುತ್ತ ಶಿವನಂಜಪ್ಪಣ್ಣನ ಜೀಪು ಹತ್ತದೆ ದೊಡ್ಡವರಾದವರು ಕಡಿಮೆ. ರಸ್ತೆಯ ಅಂಗಡಿಸಾಲಿನಿಂದ ಕಾಡಿನೊಳಗಿನ ವಯಲಿನವರೆಗೆ ಅವನು ಮೂವತ್ತೊಂದು ವರ್ಷ ಟ್ರಿಪ್ ಹೊಡೆದ. ವಯಲು ಅಂದರೆ ಕಾಡಿನ ನಡುವೆ ಗದ್ದೆ ಮಾಡಿಕೊಂಡಿರುವ ಹದಿನಾರು ಮನೆಗಳ ಊರು. ಆರು ಕಿಲೋಮೀಟರ್ ಮಣ್ಣುದಾರಿ, ಬಸ್ಸಿಲ್ಲ. ಹತ್ತು ಜನ ಕೂರುವ ಜೀಪಿನಲ್ಲಿ ಇಪ್ಪತ್ತು ಜನ, ಅವರ ಅಕ್ಕಿಮೂಟೆ, ಬಾಳೆಗೊನೆ, ಒಮ್ಮೊಮ್ಮೆ ಒಂದು ಆಡು. ದಾರಿಯಲ್ಲಿ ಯಾರು ಕೈ ಎತ್ತಿದರೂ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಮ್ಮೆ ನೊಣ ಓಡಿಸಲು ಕೈ ಎತ್ತಿದವನಿಗೂ ಜೀಪು ನಿಲ್ಲಿಸಿದ್ದನಂತೆ. ನಿಲ್ಲಿಸಿದ ಮೇಲೆ ಆ ಮನುಷ್ಯನೂ ಹತ್ತಿಕೊಂಡನಂತೆ.

ಅವನ ಅಜ್ಜಂದಿರು ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಈ ಮಲಯಾಳದ ಸೀಮೆಗೆ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ, ಜೀಪಿನಲ್ಲಿ ಮಲಯಾಳ, ಇಂಜಿನ್ ಕೆಟ್ಟರೆ ಎರಡೂ. ಹೆಂಡತಿ ಯಶೋದಕ್ಕನೂ ಗುಂಡ್ಲುಪೇಟೆಯವಳೇ, ಬಜಾರಿನ ಬೀದಿಯಲ್ಲಿ ಬೆಳೆದವಳು. ನನ್ನ ಮನೆಗೂ ಅವರ ಮನೆಗೂ ನಡುವೆ ಒಂದು ಬೇಲಿ. ದೇವಸ್ಥಾನಕ್ಕೆ ಹೂ ಕಟ್ಟುತ್ತಾ ಕುಳಿತರೆ ಎರಡೂ ಕಡೆಯ ಮಾತು ನನ್ನ ಕಿವಿಗೆ ಬೀಳುತ್ತದೆ.

ಜೀಪಿನ ಮುಂದಿನ ಸೀಟಿಗೆ ಒಂದು ಕ್ರಮವಿತ್ತು. ಮೇಷ್ಟ್ರು, ನರ್ಸಮ್ಮ, ಪೂಜಾರಿ, ವೋಟಿನ ಕಾಲದಲ್ಲಿ ಪೆಟ್ಟಿಗೆ ಹಿಡಿದುಕೊಂಡು ಬಂದವರು. ಡ್ರೈವರನ ಹೆಂಡತಿ ಹಿಂದೆ, ಗೊನೆಗಳ ಮೇಲೆ. ಜೀಪಿನ ಹಿಂಭಾಗದಲ್ಲಿ ಕುಳಿತವರಿಗೆ ಕಾಣುವುದು ಬಿಟ್ಟು ಬಂದ ದಾರಿ ಮಾತ್ರ. ಮುಂದಿನವರು "ಆನೆ!" ಎಂದು ಕೂಗುವಾಗ ನಡುವೆ ಹದಿನೆಂಟು ತಲೆ. ಜೀಪು ಅದನ್ನು ದಾಟಿದ ಮೇಲೆ ಯಶೋದಕ್ಕನ ಪಾಲಿಗೆ ಉಳಿಯುತ್ತಿದ್ದುದು ಬಾಲ.

"ಮದ್ವೆಯಾಗಿ ಬಂದಾಗಿಂದ ನಾನ್ ನೋಡಿರೋದೆಲ್ಲ ಬಾಲವೇ ಕಣಕ್ಕ. ಇಲ್ಲಿನ ಆನೆಗೆ ಮೊಕ ಅದೆಯೋ ಇಲ್ವೋ ದೇವ್ರೇ ಬಲ್ಲ" ಎಂದು ಅವಳು ನನ್ನ ಹತ್ತಿರ ಹೇಳುತ್ತಿದ್ದಳು.

"ಉತ್ಸವದಲ್ಲಿ ನೋಡಿಲ್ವಾ?"

"ಅದು ಕಟ್ಟಿ ಹಾಕಿದ್ದು. ಪಾಪ, ಮೊಕ ಎಲ್ಲಿ ಮಡಗು ಅಂದ್ರೆ ಅಲ್ಲೇ ಮಡಗ್ತದೆ. ತನ್ನ ಪಾಡಿಗೆ ನಡ್ಕಂಡು ಎದುರಿಗೆ ಬರೋ ಆನೇದು ನೋಡ್ಬೇಕು."

"ಮನೇಲಿ ಗಣಪತಿ ಪಟ ಅದೆಯಲ್ಲ."

"ಅದು ದೇವ್ರ ಮೊಕ. ನಂಗೆ ಆನೇದು ಬೇಕು."

ಹೋದ ವರ್ಷ ಮಂಡಿನೋವು ಹೆಚ್ಚಾಗಿ ಶಿವನಂಜಪ್ಪಣ್ಣ ಜೀಪು ಮಾರಿದ. ಸುಮ್ಮನೆ ಕೂರುವ ಜೀವವಲ್ಲ. ಹೆದ್ದಾರಿಯ ಚಹಾದಂಗಡಿಯಲ್ಲಿ ಕುಳಿತು, ತಲೆಯ ಮೇಲೆ ಡೇರೆ ಹೊತ್ತ ಕಾರುಗಳು ಮುತ್ತಂಗದ ಕಾಡಿನ ಕಡೆ ಹೋಗುವುದನ್ನು ನೋಡಿದ. ಹಾಸಿಗೆ, ಒಲೆ, ನೀರು ಎಲ್ಲವನ್ನೂ ಗಾಡಿಯಲ್ಲೇ ಇಟ್ಟುಕೊಂಡು ದೇಶ ಸುತ್ತುವವರು. ವಾರ ಕಳೆಯುವುದರೊಳಗೆ ಬತ್ತೇರಿ ಪೇಟೆಯಿಂದ ಒಂದು ಹಳೆಯ ಉದ್ದ ಕಾರು ಅಂಗಳಕ್ಕೆ ಬಂತು. ನಾಲ್ಕು ಚಕ್ರವೂ ಎಳೆಯುವಂಥದ್ದು, ಹಿಂದೆ ಸಾಮಾನಿಗೆ ದೊಡ್ಡ ಜಾಗ.

"ಇದನ್ನ ರೆಡಿ ಮಾಡಿ ಹಿಮಾಲಯಕ್ಕೆ ಹೋಗಾದೇ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ" ಎಂದ.

ಯಶೋದಕ್ಕ ಹಿಮಾಲಯದ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. "ಮುಂದಿನ ಸೀಟು ನಂದು. ದೀಪದ ಮುಂದೆ ನಿಂತು ಹೇಳಿ" ಎಂದಳು. ಅವನು ದೇವರ ದೀಪದ ಮುಂದೆ ಕೈಮುಗಿದು ಒಪ್ಪಿಕೊಂಡ.

ಕೆಲಸ ಶುರುವಾದದ್ದು ಸುಬೀಷನ ವರ್ಕ್‌ಶಾಪಿನಲ್ಲಿ. ಸುಬೀಷ್ ಮಾತು ಕಡಿಮೆ, ಸ್ಪ್ಯಾನರ್ ಜಾಸ್ತಿ ಎನ್ನುವ ಮೆಕ್ಯಾನಿಕ್ಕು. ಮಣ್ಣುದಾರಿಯ ಕಲ್ಲು ಹೊಟ್ಟೆಗೆ ತಗಲುತ್ತದೆಂದು ಹೊಸ ಸ್ಪ್ರಿಂಗ್ ಹಾಕಿ ಗಾಡಿಯನ್ನು ಎತ್ತರಿಸಿದ. ದಪ್ಪ ಹಲ್ಲಿನ ಟೈರು ಹಾಕಿದ. ಅಡಿಯಲ್ಲಿ ಕಬ್ಬಿಣದ ತಗಡು ಹೊಡೆದ. ಮನೆಗೆ ತಂದ ದಿನ ಯಶೋದಕ್ಕ ಕಾಲೆತ್ತಿದಳು. ಕಾಲು ಬಾಗಿಲಿನ ಅರ್ಧಕ್ಕೆ ಬಂತು.

"ಇದಕ್ಕೆ ಹತ್ತಾಕೆ ಏಣಿ ಮಡಗ್ತೀರೋ, ಇಲ್ಲಾ ನನ್ನೇ ಮೂಟೆ ಕಟ್ಟಿ ಎಸೀತೀರೋ?"

"ತಾಳೇ, ಎಲ್ಲಾದ್ಕೂ ದಾರಿ ಅದೆ." ಅವನು ಹಾಲು ಕರೆಯುವ ಮಣೆಗೆ ಹಗ್ಗ ಕಟ್ಟಿ ಬಾಗಿಲಿನಿಂದ ಇಳಿಬಿಟ್ಟ. ಮಣೆಯ ಮೇಲೆ ಕಾಲಿಟ್ಟು ಹತ್ತುವುದು, ಹತ್ತಿದ ಮೇಲೆ ಹಗ್ಗ ಹಿಡಿದು ಮಣೆಯನ್ನು ಒಳಕ್ಕೆ ಎಳೆದುಕೊಳ್ಳುವುದು. ಮರುದಿನ ಬೆಳಿಗ್ಗೆಯಿಂದ ಯಶೋದಕ್ಕ ಕುಕ್ಕರುಗಾಲಲ್ಲಿ ಕುಳಿತು ಹಾಲು ಕರೆದಳು. ಹಸುವಿಗೆ ಅದು ಹಿಡಿಸಲಿಲ್ಲ.

ಆಮೇಲೆ ಹಾಸಿಗೆ. ಹಿಂದಿನ ಸೀಟು ಮಡಚಿ ಹಲಗೆ ಹಾಸಿ ಶಿವನಂಜಪ್ಪಣ್ಣ ಮಲಗಿ ನೋಡಿದ. ತಲೆ ಒಳಗೆ, ಎರಡು ಪಾದ ಹಿಂಬಾಗಿಲಿನ ಹೊರಗೆ. ಸುಬೀಷ್ ಟೇಪು ಹಿಡಿದ. "ಚೇಟ್ಟಾ, ಮುಂದಿನ ಆ ಒಂದು ಸೀಟು ತೆಗೆದ್ರೆ ಆರೂವರೆ ಅಡಿ ಸಿಗ್ತದೆ. ಎಲ್ಲರೂ ಹಾಗೇ ಮಾಡೋದು."

ಆ ಹೊತ್ತಿನಲ್ಲಿ ಶಿವನಂಜಪ್ಪಣ್ಣನಿಗೆ ದೀಪ ನೆನಪಾಗಲಿಲ್ಲ, ಪಾದ ನೆನಪಾಯಿತು.

ಸಂಜೆ ಗಾಡಿಯ ಜೊತೆಗೆ ಬಿಚ್ಚಿದ ಸೀಟೂ ಮನೆಗೆ ಬಂತು. ಅವನು ಅದನ್ನು ಜಗಲಿಯ ಮೂಲೆಯಲ್ಲಿಟ್ಟು ಕೈಕಾಲು ತೊಳೆಯಲು ಹೋದ. ಯಶೋದಕ್ಕ ಹೊರಗೆ ಬಂದಳು, ಸೀಟು ನೋಡಿದಳು, ಗಾಡಿ ನೋಡಿದಳು. ಸೀಟನ್ನು ರಸ್ತೆಯ ಕಡೆ ತಿರುಗಿಸಿ ಅದರ ಮೇಲೆ ಕುಳಿತಳು. ಬೆಲ್ಟು ಇರಲಿಲ್ಲವಾದ್ದರಿಂದ ಸೆರಗನ್ನೇ ಅಡ್ಡ ಎಳೆದುಕೊಂಡಳು. ಮೂರು ದಿನ ಅವರೆಕಾಯಿ ಬಿಡಿಸಿದ್ದು, ಸೊಪ್ಪು ಸೋಸಿದ್ದು, ಬಂದವರನ್ನು ಮಾತಾಡಿಸಿದ್ದು ಎಲ್ಲ ಅಲ್ಲಿಂದಲೇ. ಯಾರಾದರೂ ಕೇಳಿದರೆ, "ಮುಂದಿನ ಸೀಟು ಕೊಡ್ತೀನಿ ಅಂದಿದ್ರು, ಕೊಟ್ಟವ್ರೆ. ಗಾಡಿ ಕೊಡ್ತೀನಿ ಅಂದಿರ್ಲಿಲ್ಲ" ಎನ್ನುವಳು.

ಆ ಮೂರು ದಿನ ಶಿವನಂಜಪ್ಪಣ್ಣ ಚಹಾ ಕುಡಿದದ್ದು ಅಂಗಡಿಯಲ್ಲಿ.

ಈ ಗಂಟು ಬಿಡಿಸಿದವನು ಮಾರ. ಅವನು ಕಾಡಿನ ಜನ. ವಯಲಿನಲ್ಲಿ ಶಿವನಂಜಪ್ಪಣ್ಣನ ಒಂದು ತುಂಡು ಗದ್ದೆಯನ್ನು ಕಾಯುವುದು ಅವನೇ. ಮರದ ಮೇಲೆ ಬಿದಿರಿನ ಕಾವಲುಮಾಡ ಕಟ್ಟುವುದರಲ್ಲಿ ಅವನಿಗೆ ಸಮ ಇನ್ನೊಬ್ಬನಿಲ್ಲ. ಗಾಡಿಯನ್ನು ಒಂದು ಸುತ್ತು ಬಂದು, ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದ.

"ಅಣ್ಣಾ, ಕಾಡಲ್ಲಿ ಇದ್ರೊಳಗೇ ಮಲಗ್ತೀಯಾ?"

"ಹೂಂ ಮತ್ತೆ."

"ಆನೆಗೆ ಇದು ಬುತ್ತಿ. ಒಳಗೆ ಏನದೆ ಅಂತ ಬಿಚ್ಚಿ ನೋಡ್ತದೆ." ಮಾರ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದ. "ಅಕ್ಕನೂ ಅಲ್ಲಿ ಕುಂತವ್ಳೆ. ಮಲಗಾಕೆ ಗಾಡಿ ಮೇಲೆ ಮಾಡ ಕಟ್ಟು, ಸೀಟು ಒಳಗೆ ಮಡಗು. ಎಲ್ಡು ಕೆಲ್ಸಾನೂ ಒಂದೇ ದಿನ ಮುಗೀತದೆ."

ಮಾರ ಮೊಳೆ ಮುಟ್ಟಲಿಲ್ಲ. ಬಿದಿರು ಸೀಳಿ, ಹಗ್ಗದಲ್ಲಿ ಬಿಗಿದು, ಗಾಡಿಯ ನೆತ್ತಿಯ ಮೇಲೆ ಬೇಕೆಂದಾಗ ಬಿಚ್ಚಬಹುದಾದ ಒಂದು ಮಾಡ ಕಟ್ಟಿದ. ಮೇಲೆ ಟಾರ್ಪಾಲು, ಕೆಳಗೆ ಹುಲ್ಲಿನ ಹಾಸಿಗೆ. ಸುಬೀಷ್ ಬಂದು ನಾಲ್ಕು ಸಲ ಅಲ್ಲಾಡಿಸಿ ನೋಡಿದ. ಮಾಡ ಅಲ್ಲಾಡಲಿಲ್ಲ, ಗಾಡಿ ಅಲ್ಲಾಡಿತು. ಸೀಟು ತನ್ನ ಜಾಗಕ್ಕೆ ಹೋಯಿತು. ಯಶೋದಕ್ಕ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ನಾನು ಒಂದು ಮೊಳ ಮಲ್ಲಿಗೆ ಕೊಟ್ಟೆ. ಅವಳು ಅದನ್ನು ದೇವರಿಗೆ ಇಡದೆ ಸೀಟಿನ ತಲೆಗೆ ಮುಡಿಸಿದಳು.

ಹಿಮಾಲಯಕ್ಕೆ ಮೊದಲು ಒಂದು ಪರೀಕ್ಷೆ ಆಗಲಿ ಎಂದು ತೀರ್ಮಾನವಾಯಿತು. ವಯಲಿನ ತಮ್ಮ ಗದ್ದೆಯ ಅಂಚಿಗೆ ಹೋಗಿ ಒಂದು ರಾತ್ರಿ ಮಾಡದಲ್ಲಿ ಮಲಗಿ ಬರುವುದು. ಆರು ಕಿಲೋಮೀಟರಿಗೆ ಎರಡು ಕ್ಯಾನು ನೀರು, ಗ್ಯಾಸ್ ಒಲೆ, ಸಲಿಕೆ, ಎಳೆಯುವ ಹಗ್ಗ, ಐದು ಕೆಜಿ ಅಕ್ಕಿ. ಮಧ್ಯಾಹ್ನ ಊಟ ಮುಗಿಸಿ ಯಶೋದಕ್ಕ ಮದುವೆ ಮನೆಗೆ ಉಡುವ ಸೀರೆ ಉಟ್ಟು, ಮಣೆಯ ಮೇಲೆ ಕಾಲಿಟ್ಟು ಹತ್ತಿ, ಹಗ್ಗ ಎಳೆದುಕೊಂಡು ಕುಳಿತಳು. ಮಾರ ಮೇಲೆ ಮಾಡದಲ್ಲಿ. ಕಟ್ಟಿದ್ದು ನಿಲ್ಲುತ್ತದೋ ಇಲ್ಲವೋ ಅಲ್ಲಿಂದಲೇ ನೋಡುತ್ತೇನೆ ಎಂದ. ಏನಾದರೂ ಹೇಳುವುದಿದ್ದರೆ ಜೀಪಿನ ಕಾಲದ ಕ್ರಮವೇ. ಒಂದು ತಟ್ಟು ನಿಲ್ಲಿಸು, ಎರಡು ಹೊರಡು, ಮೂರು ಹಿಂದಕ್ಕೆ.

ಗಾಡಿ ಇನ್ನೂರು ಗಜ ಹೋಗಿರಬಹುದು. ಗೋವಿಂದನ್ ಮೇಷ್ಟ್ರು ಅಂಗಡಿಯ ಮುಂದೆ ಕೈ ಎತ್ತಿದರು.

ಬ್ರೇಕು.

ಮೇಷ್ಟ್ರು ರಿಟೈರ್ ಆಗಿ ಎಷ್ಟೋ ವರ್ಷವಾಗಿದ್ದರೂ ವಯಲಿನಲ್ಲೇ ಮನೆ. ಕಾಲ ಬುಡದಲ್ಲಿ ಅಕ್ಕಿಮೂಟೆ. ಅಭ್ಯಾಸದಂತೆ ಮುಂದಿನ ಬಾಗಿಲು ತೆರೆದು ನಿಂತರು. ಶಿವನಂಜಪ್ಪಣ್ಣನೂ ಅಭ್ಯಾಸದಂತೆ, ತಿರುಗಿ ಕೂಡ ನೋಡದೆ, "ಯಶೋದೆ, ವಸಿ ಹಿಂದಕ್ಕೆ" ಎಂದುಬಿಟ್ಟ.

ಯಶೋದಕ್ಕ ಗಂಡನನ್ನು ಒಂದು ಸಲ ನೋಡಿದಳು. ಮಣೆ ಇಳಿಬಿಟ್ಟು ಇಳಿದಳು. ಹಿಂದೆ ಹೋಗಿ, ಕ್ಯಾನುಗಳ ನಡುವೆ, ಗ್ಯಾಸ್ ಒಲೆ ಮಡಿಲಲ್ಲಿಟ್ಟುಕೊಂಡು ಕುಳಿತಳು. ತಿರುವಿನಲ್ಲಿ ಮತ್ತೊಂದು ಕೈ ಎದ್ದಿತು. ಆ ಕೈ ನನ್ನದು. ವಯಲಿನ ಮರದ ಕೆಳಗಿನ ದೇವಿಯ ಕಟ್ಟೆಗೆ ಮಂಗಳವಾರದ ದೀಪ ನನ್ನದೇ. ನಡೆದು ಹೋಗಬಹುದಿತ್ತು. ಹಿಂಬಾಗಿಲು ತೆರೆದು ಅವಳ ಮುಖ ನೋಡಿದಾಗ ನಡೆದೇ ಹೋಗಬೇಕಿತ್ತು ಅನ್ನಿಸಿತು.

"ಬಾ ಅಕ್ಕ, ಕುಂತ್ಕೊ" ಎಂದಳು. "ಇಲ್ಲಿಂದ ಬಾಲ ಚೆಂದಾಗಿ ಕಾಣ್ತದೆ."

ಕಲ್ಲೂರಿನ ಕೊನೆಯ ಮನೆ ದಾಟುವ ಮೊದಲು ಅವಳು ಒಲೆಯನ್ನು ನನ್ನ ಮಡಿಲಿಗಿಟ್ಟು ಗಾಡಿಯ ಮೈಯನ್ನು ಒಂದು ಸಲ ತಟ್ಟಿದಳು. ಗಾಡಿ ನಿಂತಿತು. ಇಳಿದು, ಪಕ್ಕದಿಂದ ನಡೆದು, ಬಾನೆಟ್ಟು ದಾಟಿ ಹತ್ತು ಹೆಜ್ಜೆ ಮುಂದೆ ಹೋಗಿ, ರಸ್ತೆಯ ನಡುವೆ ತಿರುಗಿ ನಿಂತಳು. ಬಲಗೈ ಎತ್ತಿದಳು.

"ಏನೇ ಇದು?" ಶಿವನಂಜಪ್ಪಣ್ಣ ಕಿಟಕಿಯಿಂದ ತಲೆ ಹಾಕಿದ.

"ಮುಂದಿನ ಸೀಟು ಖಾಲಿ ಉಂಟಾ, ಡ್ರೈವರೇ?"

ಮೇಲಿನಿಂದ ಮಾರ ನಕ್ಕದ್ದು ಕೇಳಿಸಿತು. ಶಿವನಂಜಪ್ಪಣ್ಣ ಸ್ಟೀರಿಂಗ್ ನೋಡಿದ, ಕನ್ನಡಿ ನೋಡಿದ, ಮೇಷ್ಟ್ರನ್ನು ನೋಡಿದ. ದೀಪ ಆಗ ನೆನಪಾಯಿತೆಂದು ಕಾಣುತ್ತದೆ, ಕಿವಿ ಕೆಂಪಾಯಿತು. "ಮೇಷ್ಟ್ರೇ... ಈ ಸೀಟು ರಿಸರ್ವ್ ಆಗ್ಬುಟ್ಟದೆ."

"ಅದನ್ನು ಮೊದಲೇ ಹೇಳಬಾರದಾ? ಹಾಗಿದ್ರೆ ಈ ಎತ್ತರಕ್ಕೆ ಹತ್ತುತ್ತಲೇ ಇರಲಿಲ್ಲ" ಎಂದು ಗೊಣಗುತ್ತಾ ಮೇಷ್ಟ್ರು ಇಳಿಯಲು ಕಾಲು ಚಾಚಿದರು. ಕಾಲು ಗಾಳಿಯಲ್ಲಿ ನೆಲ ಹುಡುಕಿತು. ಯಶೋದಕ್ಕನೇ ಬಂದು ಮಣೆ ಹಿಡಿದಳು. "ಮೆಲ್ಲಗೆ ಮೇಷ್ಟ್ರೇ. ಹಿಂದೆ ಗಾಳಿ ಚೆನ್ನಾಗಿ ಬತ್ತದೆ."

ಕಾಡು ಶುರುವಾಯಿತು. ಹಿಂದಿನ ಮಳೆಗೆ ದಾರಿ ಕೊಚ್ಚಿ ಹೋಗಿತ್ತು. ಒಂದು ಕೆಸರಿನ ಗುಂಡಿಯಲ್ಲಿ ನಾಲ್ಕು ಚಕ್ರವೂ ಒಟ್ಟಿಗೆ ಎಳೆದು, ತಗಡು ಕಲ್ಲಿಗೆ ಉಜ್ಜಿ, ಗಾಡಿ ಎಮ್ಮೆ ಏಳುವ ಹಾಗೆ ಎದ್ದಿತು. "ನೋಡಿದ್ರಾ!" ಎಂದು ಶಿವನಂಜಪ್ಪಣ್ಣ ಕೂಗಿದ. ಅದೇ ಹೊತ್ತಿಗೆ ಮೇಲಿನಿಂದ ಒಂದು ತಟ್ಟು ಬಂತು.

ಮುಂದಿನ ತಿರುವಿನಲ್ಲಿ ಲಾಂಟಾನದ ಪೊದೆ ಎರಡಾಗಿ ಒಂದು ಹೆಣ್ಣಾನೆ ದಾರಿಗೆ ಬಂತು. ನಮ್ಮ ಕಡೆ ತಿರುಗಿ ನಿಂತಿತು. ಓಡಲಿಲ್ಲ, ಕೂಗಲಿಲ್ಲ. ಗದ್ದೆಗೆ ಹೊರಟವರ ಹಾಗೆ ನಮ್ಮತ್ತಲೇ ನಡೆಯತೊಡಗಿತು. ಮೇಲಿನಿಂದ ಮೆಲ್ಲಗೆ ಮೂರು ತಟ್ಟು.

ಶಿವನಂಜಪ್ಪಣ್ಣ ರಿವರ್ಸ್ ಹಾಕಿದ. ಹಿಂದಿನ ಗಾಜಿಗೆ ಸುಬೀಷ್ ಹಾಕಿದ್ದ ದಪ್ಪ ಪರದೆ, ಅದರ ಮುಂದೆ ಮೇಷ್ಟ್ರ ಅಕ್ಕಿ. ಪಕ್ಕದ ಕನ್ನಡಿಗಳ ಮೇಲೆ ಮಾಡದ ಟಾರ್ಪಾಲು ಇಳಿಬಿದ್ದಿತ್ತು. ಇಷ್ಟೆಲ್ಲ ಮಾಡಿಸಿದ ಗಾಡಿಯಲ್ಲಿ ಹಿಂದೆ ನೋಡಲು ಒಂದು ಕಂಡಿ ಉಳಿದಿರಲಿಲ್ಲ.

"ಯಶೋದೆ, ಹೊರಕ್ಕೆ ತಲೆ ಹಾಕಿ ಹಿಂದೆ ನೋಡು!"

"ನೋಡಲ್ಲ."

"ಏ, ಗಾಡಿ ಚರಂಡಿಗೆ ಬೀಳ್ತದೆ ಕಣೇ!"

"ಬೀಳ್ಲಿ. ಮೂವತ್ತೊಂದು ವರ್ಷ ಹಿಂದೇನೇ ನೋಡಿದ್ದೀನಿ. ಇವತ್ತು ಹಿಂದೆ ನೋಡಾಕೆ ಬೇರೆಯವ್ರು ಅವ್ರೆ."

ಬೇರೆಯವರು ಅಂದರೆ ನಾವಿಬ್ಬರು. ಮೇಷ್ಟ್ರು ಅಕ್ಕಿಮೂಟೆಯನ್ನು ನನ್ನ ಕಡೆ ಉರುಳಿಸಿ ಪರದೆ ಕಿತ್ತರು. "ಎಡಕ್ಕೆ!" ಎಂದರು. "ಬಲಕ್ಕೆ!" ಎಂದೆ ನಾನು. "ಒಬ್ರು ಹೇಳ್ರಪ್ಪಾ!" ಎಂದು ಶಿವನಂಜಪ್ಪಣ್ಣ ಅಳುವ ಹಾಗೆ ಕೂಗಿದ. ಗಣಪತಿಯನ್ನು ನೆನೆಯೋಣವೆಂದರೆ ಎದುರಿಗೆ ಬರುತ್ತಿರುವುದೂ ಅದೇ ಮುಖ. ಕಾಪಾಡು ಎನ್ನುವುದು ಯಾರಿಗೆ, ಯಾರಿಂದ ಎಂದು ನನಗೆ ತಿಳಿಯಲಿಲ್ಲ. ಕೆಸರಿನ ಗುಂಡಿಯನ್ನು ಗಾಡಿ ಹಿಮ್ಮುಖವಾಗಿ ಇನ್ನೊಮ್ಮೆ ಇಳಿದು ಹತ್ತಿತು. ಈ ಸಲ ಯಾರೂ "ನೋಡಿದ್ರಾ" ಎನ್ನಲಿಲ್ಲ.

ಯಶೋದಕ್ಕ ಮಾತ್ರ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ನೇರವಾಗಿ ಕುಳಿತಿದ್ದಳು. ಗಾಡಿ ಹಿಂದೆ ಹೋದಷ್ಟೂ ಆನೆ ಮುಂದೆ ಬರುತ್ತಿತ್ತು. ಹಾಗಾಗಿ ಆ ಮುಖ ಅವಳಿಂದ ದೂರವಾಗಲೇ ಇಲ್ಲ.

"ಅಯ್ಯೋ" ಎಂದಳು, ತನಗೆ ತಾನೇ. "ಇದಕ್ಕೆ ರೆಪ್ಪೆಗೂದ್ಲು ಅದೆ. ಇಷ್ಟುದ್ದ."

"ಅದೆಲ್ಲ ಆಮೇಲೆ ಹೇಳು!"

"ಹಣೇಲಿ ಮಣ್ಣು ಎರ್ಚ್ಕೊಂಡದೆ, ವಿಭೂತಿ ಇಟ್ಟಂಗೆ. ನಂಗೇ ನೋಡ್ತಾ ಅದೆ ಕಣ್ರೀ."

ಕೊನೆಯ ಮನೆಯ ಬೇಲಿ ಕಾಣುವಷ್ಟು ಹಿಂದೆ ಬಂದ ಮೇಲೆ ಆನೆ ನಿಂತಿತು. ಸೊಂಡಿಲೆತ್ತಿ ನಮ್ಮ ಮಾಡದ ಕಡೆ ಒಮ್ಮೆ ಮೂಸಿತು. ಪಕ್ಕದ ಬಿದಿರಿನ ಒಂದು ಎಳೆಯ ಕೊಂಬೆ ಮುರಿದುಕೊಂಡು, ನಿಧಾನವಾಗಿ ಕಾಡಿನ ಕಡೆ ತಿರುಗಿತು.

ತಿರುಗುತ್ತಿದ್ದಂತೆಯೇ ಯಶೋದಕ್ಕ ಸೆರಗೆತ್ತಿ ಎರಡು ಕಣ್ಣನ್ನೂ ಮುಚ್ಚಿಕೊಂಡಳು.

ಶಿವನಂಜಪ್ಪಣ್ಣ ಗಾಬರಿಯಾದ. "ಏನಾಯ್ತೇ? ತಲೆ ಸುತ್ತು ಬಂತಾ?"

"ಏನೂ ಇಲ್ಲ. ಬಾಲ ಹೋದ್ಮೇಲೆ ಹೇಳಿ."

ಪೊದೆ ಅಲ್ಲಾಡಿ ಸುಮ್ಮನಾಯಿತು. ಮೇಲಿನಿಂದ ಎರಡು ತಟ್ಟು ಬಂತು.

"ಹೋಯ್ತು" ಎಂದ ಅವನು.

"ಹಂಗಾದ್ರೆ ನಡೀರಿ" ಎಂದು ಅವಳು ಸೆರಗು ಇಳಿಸಿದಳು. "ದಾರೀಲಿ ಯಾರು ಕೈ ಎತ್ತಿದ್ರೂ ನಿಲ್ಸಿ, ಬ್ಯಾಡ ಅನ್ನಲ್ಲ. ಹಿಂದೆ ಜಾಗ ಅದೆ."