ಟೈರು ಬಿಚ್ಚಿದ ಹೊಂಡದಲ್ಲಿ ಮೊದಲ ದೀಕ್ಷಾಸ್ನಾನ

ಮಾಲೂರಿನ ಹೊರವಲಯದಲ್ಲಿ ರಾಗಿಯ ಹೊಲಗಳು ಬಡಾವಣೆಗಳಾಗುವ ವೇಗವನ್ನು ಕಂಡರೆ, ಬೈಬಲ್ಲಿನ ಸೃಷ್ಟಿಕಾರ್ಯಕ್ಕೆ ಆರು ದಿನಗಳು ಹೆಚ್ಚಾದವೇನೋ ಎನ್ನಿಸುತ್ತದೆ. ಕಾರ್ಖಾನೆಯ ಶೆಡ್ಡು ಏಳುವ ಮುನ್ನವೇ ಅದರೆದುರು ಟೀ ಅಂಗಡಿ. ಅದರ ಬೆನ್ನಿಗೇ ಬಾಡಿಗೆ ಕೋಣೆಗಳ ಸಾಲು. ಶ್ರೀನಿವಾಸಪುರದ ಗಡಿಸೀಮೆಯಿಂದ ಬಂದ ಯುವ ಬ್ಯಾಪ್ಟಿಸ್ಟ್ ಪಾಸ್ಟರ್ ಯೇಸುಪಾದಂ ಅವರು ಇಲ್ಲಿ ಸಭೆಯನ್ನು ಆರಂಭಿಸಿದಾಗ, ದಿನಸಿ ಅಂಗಡಿಯ ಮಹಡಿಯಲ್ಲಿ ಕೂಡುತ್ತಿದ್ದವು ಮೂರೇ ಸಂಸಾರಗಳು. ಎರಡು ವರ್ಷ ತುಂಬುವಷ್ಟರಲ್ಲಿ ಮೆಟ್ಟಿಲ ಮೇಲೂ ಜನ. ತೆಲುಗಿನವರಿಗೆ ತೆಲುಗಿನ ಹಾಡು, ಕನ್ನಡದವರಿಗೆ ಕನ್ನಡದ ಬೋಧನೆ, ರಾತ್ರಿ ಪಾಳಿ ಮುಗಿಸಿ ನೇರ ಬಂದವರಿಗೆ ಗೋಡೆಗೊರಗುವ ಜಾಗ. ಅವರು ತೂಕಡಿಸತೊಡಗಿದರೆ ಪಾಸ್ಟರು ತಮ್ಮ ದನಿಯನ್ನು ತಗ್ಗಿಸುತ್ತಿದ್ದರು.

ಆದರೂ ಪಾಸ್ಟರೊಳಗೆ ಒಂದು ಅಳುಕಿತ್ತು. ಬ್ಯಾಪ್ಟಿಸ್ಟರ ಕಟ್ಟಳೆಯಂತೆ, ಬುದ್ಧಿ ತಿಳಿದ ಮೇಲೆ ತಾನಾಗಿ ವಿಶ್ವಾಸವನ್ನು ಒಪ್ಪಿಕೊಂಡವರಿಗೇ ದೀಕ್ಷಾಸ್ನಾನ. ತಲೆಗೆ ನೀರು ಚಿಮುಕಿಸಿದರೆ ಸಾಲದು, ಇಡೀ ದೇಹ ಮುಳುಗಿ ಏಳಬೇಕು. ತಮ್ಮ ದೀಕ್ಷಾಸ್ನಾನವನ್ನು ಅವರು ದೇವರಾಯಸಮುದ್ರದ ಕೆರೆಯಲ್ಲಿ, ಗಟ್ಟಿ ನೆಲದ ಮೇಲೆ ನಿಂತು ಪಡೆದಿದ್ದರು. ಇನ್ನೊಬ್ಬರಿಗೆ ಕೊಟ್ಟವರಲ್ಲ.

ಮೊದಲಿಗೆ ಒದಗಿದವರು ಸಂಪೂರ್ಣಮ್ಮ. ಕ್ರೈಸ್ತ ಮನೆಯಲ್ಲೇ ಹುಟ್ಟಿ ಮುದುಕಿಯಾದ ಆಕೆ ಎಳವೆಯಲ್ಲಿ ಬಾವಿಗೆ ಬಿದ್ದು ಬದುಕಿದವರು. ಆ ಭಯದಿಂದಲೇ ಎಷ್ಟೋ ಪಾಸ್ಟರುಗಳನ್ನು ಬಾಗಿಲಿಂದಲೇ ಸಾಗಹಾಕಿದ್ದರು.

"ಅಯ್ಯಗಾರೂ, ನೀವು ಕೈ ಬಿಡಲ್ಲ ಅಂದ್ರೆ ಬರ್ತೀನಿ," ಎಂದರು ಈಗ. "ಹೆದರ್ಕೊಂಡು ವಾಪಸ್ ಬಂದ್ನೋ, ಇನ್ನು ಸಾಯೋಗಂಟ ನೀರಿಗಿಳಿಯಲ್ಲ."

"ಬಿಡಲ್ಲಮ್ಮ," ಎಂದು ಪಾಸ್ಟರು ಮಾತು ಕೊಟ್ಟರು.

ಹತ್ತಿರದ ಕೆರೆಯಲ್ಲಿ ಕೆಸರು. ಸಂಪೂರ್ಣಮ್ಮ ಕೂಲಿಗೆ ಹೋಗುವ ಟೊಮೇಟೊ ತೋಟದ ಗಂಗುಲಪ್ಪನೇ ದಾರಿ ತೋರಿದ. "ನಮ್ ಸಂಪೂರ್ಣಮ್ಮಂಗೆ ತಾನೆ ಸಾರ್? ನಮ್ ಕೃಷಿ ಹೊಂಡ ಐತಲ್ಲ. ತೋಟಕ್ಕೆ ನೀರು ಬಿಟ್ಟು ಎದೆಮಟ್ಟಕ್ಕೆ ಇಳಿಸಿಕೊಡ್ತೀನಿ."

ಹೊಂಡದ ಇಳಿಜಾರಾದ ನಾಲ್ಕು ಬದಿಗೂ ಕಪ್ಪು ಟಾರ್ಪಾಲು ಹಾಸಿತ್ತು. ಒಂದು ಬದಿಯಲ್ಲಿ ಹಗ್ಗಕ್ಕೆ ಕಟ್ಟಿದ ಹಳೆಯ ಟೈರುಗಳು, ಪಾಚಿ ಹಿಡಿದು, ನೀರಿನವರೆಗೂ ಜೋತಾಡುತ್ತಿದ್ದವು. ಶನಿವಾರ ಜಾಗ ಒಪ್ಪ ಮಾಡಲು ಹೋದ ಪಾಸ್ಟರಿಗೆ ಅದೊಂದು ಕಣ್ಣಿಗೆ ಚುಚ್ಚಿತು. "ಪವಿತ್ರ ಕಾರ್ಯದ ಜಾಗದಲ್ಲಿ ಹಳೇ ಟೈರಾ?" ಎಂದು ಬಿಚ್ಚಿಸಿ, ಪಂಪ್ ಮನೆಯ ಹಿಂದೆ ಹಾಕಿಸಿ, ದಡದಲ್ಲಿ ಸೇವಂತಿಗೆಯ ಕುಂಡಗಳನ್ನು ಇಡಿಸಿದರು.

ಭಾನುವಾರ ಬೆಳಗ್ಗೆ ಸಭೆಯೆಲ್ಲ ದಡದಲ್ಲಿ ನಿಂತು ಹಾಡುತ್ತಿರಲು, ಬಿಳಿಯ ನಿಲುವಂಗಿ ತೊಟ್ಟ ಯೇಸುಪಾದಂ ಗಾಂಭೀರ್ಯದಿಂದ ಒಂದು ಹೆಜ್ಜೆ ಇಟ್ಟರು. ಎರಡನೆಯ ಹೆಜ್ಜೆಯನ್ನು ಇಡುವ ಅಗತ್ಯವೇ ಬೀಳಲಿಲ್ಲ. ಉದ್ಯಾನದ ಜಾರುಬಂಡೆಯಲ್ಲಿ ಮಕ್ಕಳು ಇಳಿಯುವಂತೆ ಸರ್ರನೆ ಜಾರಿ ನಡುನೀರು ಸೇರಿದರು. ಹಾಡು ಸಾಲಿನ ಮಧ್ಯದಲ್ಲೇ ನಿಂತಿತು. ಅವರು ಎದ್ದು, ಮುಖ ಒರೆಸಿಕೊಂಡು, ಏನೂ ಆಗದವರಂತೆ ಮೇಲೇರಲು ಹೊರಟರು, ಜಾರಿದರು. ಅಂಬೆಗಾಲಿಟ್ಟು ಏರಿದರು, ಇನ್ನಷ್ಟು ಜಾರಿದರು.

"ಅಯ್ಯೋ ದೇವಾ! ನನ್ನ ಮುಳುಗ್ಸೋಕೆ ಬಂದೋರೇ ಮುಳುಗಿಬಿಟ್ರಲ್ಲ!" ಸಂಪೂರ್ಣಮ್ಮ ಆಗಲೇ ಚಪ್ಪಲಿ ಮೆಟ್ಟಿ ಮನೆಯತ್ತ ತಿರುಗಿದ್ದರು.

ತೋಟದಿಂದ ಓಡಿ ಬಂದ ಗಂಗುಲಪ್ಪನಿಗೆ ನಗು ತಡೆಯದು. "ಟೈರು ಯಾವನ್ಲಾ ಬಿಚ್ಚಿದ್ದು? ಹೋದ ತಿಂಗ್ಳು ನಮ್ ನಾಯಿ ಬಿದ್ದಿತ್ತು, ಅದೂ ಟೈರ್ ಮೇಲೇ ಹತ್ಕೊಂಡು ಬಂತು!"

ದಡದ ಯುವಕರು ತಲೆ ತಗ್ಗಿಸಿದರು. ನೀರಿನೊಳಗಿಂದಲೇ ಪಾಸ್ಟರು ಹೇಳಿದರು: "ನಾನೇ ಬಿಚ್ಚಿಸಿದ್ದು ಗಂಗುಲಪ್ಪನೋರೇ. ನೋಡೋಕೆ ಚೆನ್ನಾಗಿಲ್ಲ ಅಂತ." ಬಳಿಕ, ಹಲ್ಲು ಕಟಕಟಿಸುತ್ತ, "ಅಮ್ಮಾ, ಹೋಗ್ಬೇಡಿ. ನಂಗೂ ಭಯಾನೇ. ನಾನು ಕೊಡ್ತಿರೋ ಮೊದಲ್ನೇ ಬಾಪ್ತಿಸ್ಮ ಇದು."

ಸಂಪೂರ್ಣಮ್ಮ ನಿಂತರು. ತಿರುಗಿ, ಎದೆಮಟ್ಟದ ನೀರಿನಲ್ಲಿ ನಡುಗುತ್ತಿದ್ದ ಆ ಮುಖವನ್ನು ನೋಡಿದರು.

"ಮುಂಚೇನೇ ಹೇಳೋಕೇನಾಗಿತ್ತು? ನಾನೊಬ್ಳೇ ಪುಕ್ಕಲಿ ಅನ್ಕೊಂಡಿದ್ದೆ. ಗಂಗುಲಪ್ಪಾ, ತಗೊಂಡ್ ಬಾ ಆ ಟೈರು."

ಟೈರುಗಳು ಮತ್ತೆ ಇಳಿದವು. ಸೆರಗು ಬಿಗಿದುಕೊಂಡ ಸಂಪೂರ್ಣಮ್ಮ ಒಂದೊಂದು ಟೈರನ್ನೂ ಬೈಯುತ್ತ ಇಳಿದು, ಪಾಸ್ಟರ ಕೈಯನ್ನು ಬಿಗಿಯಾಗಿ ಹಿಡಿದರು.

"ಯೇಸುವನ್ನು ನಿಮ್ಮ ರಕ್ಷಕನೆಂದು ನಂಬಿದ್ದೀರಾ?"

"ನಂಬ್ದೆ ಇದ್ರೆ ಈ ಚಳೀನಾಗೆ ಇಲ್ಲಿಗ್ಯಾಕೆ ಇಳೀತಿದ್ದೆ ಅಯ್ಯಗಾರೂ?"

ತ್ರಿಯೇಕ ದೇವರ ನಾಮವನ್ನು ಉಚ್ಚರಿಸಿ ಅವರು ಆಕೆಯನ್ನು ಹಿಂದಕ್ಕೆ ಬಾಗಿಸಿದರು. ನೀರು ಕಿವಿಗೆ ತಾಗಿದ್ದೇ ತಡ, ಸಂಪೂರ್ಣಮ್ಮ ಎರಡೂ ಕೈಗಳಿಂದ ಪಾಸ್ಟರ ಕೊರಳನ್ನು ತಬ್ಬಿದರು. ಇಬ್ಬರೂ ಒಟ್ಟಿಗೇ ಮುಳುಗಿದರು. ಮೊದಲು ಬಿಳಿಯ ತುರುಬು ಮೇಲೆದ್ದಿತು, ಅದರ ಹಿಂದೆ ಕೆಮ್ಮುತ್ತ ಪಾಸ್ಟರು. ದಡದಲ್ಲಿ ಹಾಡು ನಿಂತ ಸಾಲಿನಿಂದಲೇ ಮುಂದುವರಿಯಿತು.

"ಕೈ ಬಿಡ್ಲಿಲ್ಲ ನೀವು," ಎಂದರು ಸಂಪೂರ್ಣಮ್ಮ, ಕಣ್ಣೊರೆಸಿಕೊಂಡು.

"ನೀವೆಲ್ಲಮ್ಮ ಬಿಟ್ರಿ?"

"ಪಾಸ್ಟರ್ ಸಾರ್‌ಗೂ ಆಯ್ತು ಬಿಡಿ!" ಎಂದ ಗಂಗುಲಪ್ಪ, ಮೇಲಿನಿಂದ ಹಗ್ಗ ಹಿಡಿದು.

ಸಂಪೂರ್ಣಮ್ಮ ಕೊನೆಯ ಟೈರಿನ ಮೇಲೆ ಕಾಲಿಟ್ಟು, ಸಭೆಯ ಹಿರಿಯಳ ಗತ್ತಿನಲ್ಲಿ ತಿದ್ದಿದರು: "ಅವ್ರದ್ದು ದೇವರಾಯಸಮುದ್ರದ ಕೆರೇನಾಗೆ ಆಗೋಗೈತೆ ಕಣಪ್ಪ. ನಮ್ಮಲ್ಲಿ ಎರಡನೇದು ಲೆಕ್ಕಕ್ಕಿಲ್ಲ. ಅವ್ರಿಗೆ ಇವತ್ತಾಗಿದ್ದು ಬರೀ ಸ್ನಾನ!"