ಎಡಚ ಕಟ್ಟಿದ ತಂತಿ

ಗ್ಯಾರೇಜಿನವರೆಲ್ಲ ಅವನನ್ನು ಎಡಚ ಅಂತಲೇ ಕರೆಯೋದು. ಸ್ಪ್ಯಾನರ್ ಹಿಡಿಯೋದೂ ಎಡಗೈಲಿ, ತಲೆ ಕೆರೆಯೋದೂ ಎಡಗೈಲಿ. ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡೋ ಕಾರ್ಬುರೇಟರ್ ವಿದ್ಯೆ ಅವನಿಗೆ ಕಲಿಸಿದ್ದು ಅಕ್ಕನ ಗಂಡ. ಭಾವನ ಕೈ ಬಿದ್ದರೆ ಎಂಥ ಮೊಂಡು ಎಂಜಿನ್ನೂ ಎದ್ದು ಕೂರ್ತಿತ್ತು ಬಿಡಿ. ಹನ್ನೊಂದು ವರ್ಷದ ಹಿಂದೆ, ಒಂದೇ ಒಂದು ಕಾರಿನಿಂದಾಗಿ, ಅವರು ಈ ಕೆಲಸವನ್ನೇ ಬಿಟ್ಟರು.

ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ಇಬ್ಬರೂ ಸೇರಿ ರಿಪೇರಿ ಮಾಡಿ ಕೊಟ್ಟಿದ್ದರು. ಮಾರನೇ ದಿನವೇ ಅದು ನಡುರಸ್ತೆಯಲ್ಲಿ ಕರೀ ಹೊಗೆ ಉಗುಳಿ ನಿಂತಿತು. ಮಾಲೀಕ ಬಂದವನೇ, ಬಾನೆಟ್ ಎತ್ತೋಕೂ ಬಿಡದೆ, ಭಾವನಿಗೆ ಎಲ್ಲರೆದುರು ಛೀಮಾರಿ ಹಾಕಿ ಹೋದ. "ನನ್ನ ಕೈಗುಣ ಹೋಯ್ತು ಕಣೋ" ಅಂದ ಭಾವ ಮತ್ತೆ ಸ್ಪ್ಯಾನರ್ ಮುಟ್ಟಲಿಲ್ಲ. ಈಗ ಬಟ್ಟೆ ಅಂಗಡಿ ಬಾಗಿಲಲ್ಲಿ ಕೂತು ಗಿರಾಕಿಗಳ ಚೀಲ ಇಸಕೊಂಡು ಟೋಕನ್ ಕೊಡ್ತಾರೆ.

ಮಾಲೀಕ ತೀರಿಕೊಂಡ ಮೇಲೆ ಅವನ ಮಗಳು ಅದೇ ಕಾರನ್ನು ಷೆಡ್ಡಿನಿಂದ ಎಳೆಸಿಕೊಂಡು ಬಂದಳು. "ಅವತ್ತಿಂದ ಯಾರೂ ಮುಟ್ಟಿಲ್ಲ. ಚೋಕ್ ಗುಂಡಿ ಎಳೆದ್ರೂ ಒಂದೇ, ತಳ್ಳಿದ್ರೂ ಒಂದೇ, ನೋಡಿ."

ಎಡಚ ಬಾನೆಟ್ ಎತ್ತಿದ. ಚೋಕ್ ಅಂದರೆ, ತಣ್ಣಗಿರೋ ಎಂಜಿನ್ ಹತ್ತಲೆಂದು ಗಾಳಿದಾರಿ ಮುಚ್ಚೋ ಪುಟ್ಟ ತಗಡು. ಬಿಸಿಯಾದ ಮೇಲೆ ಪೂರ್ತಿ ತೆರೆಯಬೇಕು, ಇಲ್ಲದಿದ್ದರೆ ಪೆಟ್ರೋಲು ಹೆಚ್ಚಾಗಿ ಕರೀ ಹೊಗೆ ಬರುತ್ತೆ. ಇದು ಅರ್ಧಕ್ಕೇ ನಿಂತಿತ್ತು. ಅದನ್ನೆಳೆಯೋ ತಂತಿಯನ್ನು ತೀರಾ ಗಿಡ್ಡ ಹಿಡಿದು ಬಿಗಿದಿದ್ದಾರೆ! ಯಾವ ಪುಣ್ಯಾತ್ಮನಪ್ಪಾ ಅಂತ ಬಗ್ಗಿ ನೋಡಿದರೆ, ತಂತಿಯ ತುದಿ ಎಡಕ್ಕೆ ಎರಡು ಸುತ್ತು ಸುತ್ತಿದೆ. ಗ್ಯಾರೇಜಿನಲ್ಲಿ ಹಾಗೆ ಸುತ್ತೋನು ಒಬ್ಬನೇ.

ಕಾರ್ಬುರೇಟರನ್ನೂ ಬಿಚ್ಚಿದ. ಭಾವ ಜೋಡಿಸಿದ್ದು ಒಂದೊಂದೂ ಅಚ್ಚುಕಟ್ಟು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ತಂತಿ ಸಡಿಲಿಸಿ ಮತ್ತೆ ಕಟ್ಟೋದು ಐದು ನಿಮಿಷದ ಕೆಲಸ. ಬಾಯಿ ಬಿಡದಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಅವನಿಗೆ ಬರಲಿಲ್ಲವೇ? ಬಂತು ಸ್ವಾಮಿ, ಬಾರದೇ ಇರುತ್ತಾ! ಊಟದ ಹೊತ್ತಿನವರೆಗೂ ಅದನ್ನೇ ಮೆಲುಕು ಹಾಕಿದ. ಆಮೇಲೆ ತನ್ನ ಮೇಲೇ ಹೇಸಿಗೆಯಾಗಿ, ಗ್ರೀಸಿನ ಕೈ ಕೂಡ ತೊಳೆಯದೆ ಬಟ್ಟೆ ಅಂಗಡಿಗೆ ಓಡಿದ.

"ಭಾವ, ಆ ಕಾರು ಕೆಡಿಸಿದ್ದು ನಾನು. ಚೋಕಿನ ತಂತಿ ನಾನೇ ತಪ್ಪು ಕಟ್ಟಿದ್ದೆ. ಇವತ್ತು ಬಿಚ್ಚಿ ನೋಡಿದೆ. ಬೈಯಿರಿ, ಹೊಡೀರಿ, ಏನಾದ್ರೂ ಮಾಡಿ."

ಭಾವ ಬೈಯಲಿಲ್ಲ. ಗಿರಾಕಿಯೊಬ್ಬಳು ಚೀಲ ಚಾಚಿ ನಿಂತಿದ್ದು ಅವರ ಗಮನಕ್ಕೇ ಬರಲಿಲ್ಲ.

"ಹಾಗಾದ್ರೆ, ಇಷ್ಟು ವರ್ಷ... ನನ್ನ ಕೈ ಸರಿಯಾಗೇ ಇತ್ತೇನೋ?" ಅಂದರು.