ಒಂದೇ ಕಡೆ ತಿರುಗುವ ಬಳೆ

ಗಡಿಯಾರದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಅಂದುಕೊಂಡಿದ್ದ ಕಾಲ ಅದು. ಸಕಲೇಶಪುರದ ನನ್ನ ರಿಪೇರಿ ಅಂಗಡಿಗೆ ಪಾಳ್ಯದ ಕಡೆಯವರೊಬ್ಬರು ಬಂದು, ಬೆಲ್ಟ್ ಹಾಕಿಕೊಡಿ ಅಂತ ಅಂಗೈ ತುಂಬುವಂಥ ದುಬಾರಿ ವಾಚೊಂದನ್ನು ಕೊಟ್ಟರು. ಬಾಂಬೆ ಕಡಲಿನ ತಳಕ್ಕೆ ಮುಳುಗಿ ಪೈಪು ಬೆಸೆಯುತ್ತಿದ್ದವರಂತೆ.

ಗಾಜಿನ ಸುತ್ತ ನಿಮಿಷದ ಗುರುತುಗಳಿದ್ದ ಬಳೆ ಎಡಕ್ಕೆ ತಿರುಗಿತು, ಬಲಕ್ಕೆ ಜಪ್ಪಯ್ಯ ಅಂದರೂ ತಿರುಗಲಿಲ್ಲ. ತುಕ್ಕು ಹಿಡಿದಿದೆ ಅಂತ ಇಕ್ಕಳ ತೆಗೆದುಕೊಂಡೆ.

"ಅಯ್ಯೋ, ಬುಡಿ ಮಾರಾಯ್ರೆ! ಅದನ್ನ ಮಾಡಿರೋದೇ ಹಂಗೆ. ಮುಳುಗೋವಾಗ ಬಳೆಯ ಸೊನ್ನೆನ ನಿಮಿಷದ ಮುಳ್ಳಿಗೆ ಹೊಂದಿಸ್ತೀವಿ, ಎಷ್ಟು ಹೊತ್ತಾಯ್ತು ಅಂತ ಆ ಬಳೆ ನೋಡೇ ತಿಳ್ಕಳ್ಳೋದು. ಬಂಡೆಗೆ ತಾಗಿ ತಿರುಗ್ಬುಟ್ರೂ ಎಡಕ್ಕೇ ತಿರುಗ್ತದೆ, ಹೊತ್ತು ಜಾಸ್ತೀನೇ ತೋರಿಸ್ತದೆ, ನಾವು ಬೇಗ ಮೇಲೆ ಬರ್ತೀವಿ. ಕಮ್ಮಿ ತೋರಿಸಿದ್ರೆ ಗಾಳಿ ಮುಗಿದು ಅಲ್ಲೇ ಉಳ್ಕೊಂಬುಡ್ತೀವಿ."

ನಾನು ಇಕ್ಕಳ ಕೆಳಗಿಟ್ಟೆ. ಅವರು ಬಳೆಯನ್ನು ಬೆರಳಲ್ಲಿ ಸವರುತ್ತಾ, "ಇದನ್ನ ಮಾಡಿದೋನ್ಗೂ ಮನೇಲಿ ಯಾರೋ ಕಾಯ್ತಿದ್ರು ಕಣ್ರೀ" ಅಂದರು.

ಸಂಜೆ ನಾನು ಮನೆಗೆ ಮರಳುವ ಆನೇಮಹಲ್ ಬಸ್ಸು ತಪ್ಪಬಾರದೆಂದು ನನ್ನ ಹೆಂಡತಿ ದಿನಾ ಬೆಳಿಗ್ಗೆ ನನ್ನ ಕೈಗಡಿಯಾರವನ್ನು ಹತ್ತು ನಿಮಿಷ ಮುಂದಿಡುತ್ತಿದ್ದಳು. ಅಂಗಡಿಗೆ ಬಂದೊಡನೆ ನಾನದನ್ನು ಸರಿಮಾಡುತ್ತಿದ್ದೆ, ಕಸುಬಿನ ಮರ್ಯಾದೆ ನೋಡಿ. ಅವತ್ತಿನಿಂದ, ಊರಿನ ವಾಚೆಲ್ಲ ಸರಿಮಾಡುವವನ ಕೈಯಲ್ಲೇ ತಪ್ಪು ಟೈಮು.